ಹುಚ್ಚುನಾಯಿ ಕಾಟ: ಊರು ಒಂದಾದರೆ ತಡೆಯಬಹುದು

(ರೈತರ ಸಭೆಯಲ್ಲಿ ಪಶುವೈದ್ಯರೊಬ್ಬರು ಮಾಡಿದ ಭಾಷಣ)



ಪಶುವೈದ್ಯನು ಸಭೆಗೆ ಬಂದನೆಂದರೆ ಕಾಲುಬಾಯಿ ಜ್ವರ, ಗಳಲೆ ಬೇನೆ, ಚಪ್ಪೆ ಬೇನೆ ಇವುಗಳ ಮಾತಾಡಿ ಹೋಗುವನೆಂದು ನೀವು ತಿಳಿದಿರಬಹುದು. ಇಂದು ನಾನು ಆ ಮಾತನ್ನು ಬದಿಗಿಟ್ಟು ನಾಯಿಯ ಮಾತನ್ನು ಎತ್ತಿಕೊಂಡಿದ್ದೇನೆ. ನಾಯಿಯ ಮಾತು ಎಂದರೂ ಅದು ನಿಮ್ಮ ದನದ ಮಾತೂ ಹೌದು, ನಿಮ್ಮ ಮಕ್ಕಳ ಮಾತೂ ಹೌದು. ಹೇಗೆಂಬುದನ್ನು ಮುಂದೆ ಹೇಳುತ್ತೇನೆ.

ಊರಿನಲ್ಲಿ ಹುಚ್ಚುನಾಯಿಯೊಂದು ಕಾಣಿಸಿಕೊಂಡಿತೆಂದರೆ ಏನಾಗುತ್ತದೆಂದು ನಿಮಗೆ ಬೇರೆ ಹೇಳಬೇಕಾಗಿಲ್ಲ. ಮಕ್ಕಳನ್ನು ಶಾಲೆಗೆ ಕಳಿಸಲು ಹೆದರಿಕೆ. ಹೊಲಕ್ಕೆ ಬುತ್ತಿ ಒಯ್ಯುವ ಹೆಂಗಸರ ಕೈಯಲ್ಲೊಂದು ಕೋಲು. ಸಂಜೆಯಾದರೆ ಹಟ್ಟಿ ಬಾಗಿಲು ಭದ್ರ. ನಾಲ್ಕು ದಿನ ಕಳೆದ ಮೇಲೆ ಪಂಚಾಯಿತಿ ಕಟ್ಟೆಯ ಮುಂದೆ ಜನ ಸೇರುತ್ತಾರೆ. "ಒಂದನ್ನೂ ಬಿಡಬೇಡಿ, ವಿಷವಿಟ್ಟು ಎಲ್ಲ ನಾಯಿಗಳನ್ನೂ ಕೊಂದುಬಿಡಿ" ಎಂದು ಒಬ್ಬರು ಹೇಳುತ್ತಾರೆ, ಉಳಿದವರು ಹೌದೆನ್ನುತ್ತಾರೆ. ಆ ಕೋಪ ನನಗೆ ಅರ್ಥವಾಗುತ್ತದೆ. ಮನೆಯ ಮಗುವನ್ನು ನಾಯಿ ಕಚ್ಚಿದ ತಂದೆಗೆ ಸಮಾಧಾನ ಹೇಳುವುದು ಸುಲಭವಲ್ಲ. ಆದರೆ ಆ ದಾರಿ ಹಿಡಿದ ಊರು ರೋಗವನ್ನು ಕಳೆದುಕೊಳ್ಳುವುದಿಲ್ಲ, ಇನ್ನಷ್ಟು ಬೇರೂರಿಸಿಕೊಳ್ಳುತ್ತದೆ. ಬೇರೊಂದು ದಾರಿ ಇದೆ. ಅದು ನಿಶ್ಚಯವಾದ ದಾರಿ, ಹಳ್ಳಿಯ ಕೈಗೆ ಎಟಕುವ ದಾರಿ. ಅದನ್ನು ಹೇಳಲೆಂದೇ ಬಂದಿದ್ದೇನೆ.

ರೋಗ ಯಾವುದು?

ಹುಚ್ಚುನಾಯಿ ರೋಗಕ್ಕೆ ರೇಬೀಸ್ ಎಂದು ಹೆಸರು. ಇದು ಬಿಸಿಲಿನ ತಾಪದಿಂದ ಬರುವುದಲ್ಲ. ಊಟವಿಲ್ಲದೆ, ನೀರಿಲ್ಲದೆ ಬರುವುದಲ್ಲ. ಯಾರ ಶಾಪದಿಂದಲೂ ಬರುವುದಲ್ಲ. ಕಣ್ಣಿಗೆ ಕಾಣದ ಒಂದು ವೈರಾಣುವಿನಿಂದ ಬರುತ್ತದೆ. ರೋಗ ಹಿಡಿದ ನಾಯಿಯ ಜೊಲ್ಲಿನಲ್ಲಿ ಈ ವೈರಾಣು ಇರುತ್ತದೆ. ನಾಯಿ ಕಚ್ಚಿದಾಗ ಜೊಲ್ಲು ಗಾಯದೊಳಗೆ ಹೋಗುತ್ತದೆ. ಅಲ್ಲಿಂದ ವೈರಾಣು ನರಗಳ ಹಾದಿ ಹಿಡಿದು ನಿಧಾನವಾಗಿ ಮಿದುಳಿನ ಕಡೆಗೆ ಸಾಗುತ್ತದೆ. ಈ ಪಯಣಕ್ಕೆ ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳು ಹಿಡಿಯುತ್ತದೆ. ಕೆಲವರಲ್ಲಿ ಕೆಲವೇ ದಿನ ಸಾಕು. ಅಪರೂಪಕ್ಕೆ ವರ್ಷ ದಾಟುವುದೂ ಉಂಟು. ಮುಖ, ತಲೆ, ಕುತ್ತಿಗೆಯ ಕಡಿತವಾದರೆ ಮಿದುಳು ಹತ್ತಿರ. ಆದುದರಿಂದ ಅಪಾಯ ಬೇಗ. ಮಕ್ಕಳು ಗಿಡ್ಡಗಿರುವುದರಿಂದ ಅವರಿಗೆ ಮುಖ ತಲೆಗೇ ಕಡಿತವಾಗುವುದು ಹೆಚ್ಚು.

ವೈರಾಣು ಮಿದುಳನ್ನು ಮುಟ್ಟಿ ರೋಗದ ಲಕ್ಷಣ ಹೊರಬಿದ್ದ ಮೇಲೆ ಮನುಷ್ಯನಾಗಲಿ, ಪ್ರಾಣಿಯಾಗಲಿ ಬದುಕುವುದಿಲ್ಲವೆಂದೇ ಹೇಳಬೇಕು. ನೀರನ್ನು ಕಂಡರೆ ಗಂಟಲು ಬಿಗಿದು ನಡುಗುವ ಆ ಸ್ಥಿತಿಯನ್ನು ನೋಡಿದವರು ಮರೆಯಲಾರರು. ಆದರೆ ಕಡಿತಕ್ಕೂ ಲಕ್ಷಣಕ್ಕೂ ನಡುವೆ ನಮಗೆ ಕಾಲಾವಕಾಶವಿದೆ. ಆ ಅವಕಾಶದಲ್ಲಿ ಸರಿಯಾದ ಚುಚ್ಚುಮದ್ದು ಬಿದ್ದರೆ ರೋಗ ತಲೆಯೆತ್ತದು. 1885ರ ಜುಲೈ 6ರಂದು ಫ್ರಾನ್ಸ್ ದೇಶದಲ್ಲಿ ಲೂಯಿ ಪಾಶ್ಚರ್ ಎಂಬ ವಿಜ್ಞಾನಿ, ಹುಚ್ಚುನಾಯಿ ಕಚ್ಚಿದ ಜೋಸೆಫ್ ಮೈಸ್ಟರ್ ಎಂಬ ಒಂಬತ್ತು ವರ್ಷದ ಹುಡುಗನಿಗೆ ಲಸಿಕೆ ಕೊಡಿಸಲು ಆರಂಭಿಸಿದನು. ಹುಡುಗ ಬದುಕಿದ. ನಮ್ಮ ದಕ್ಷಿಣ ಭಾರತಕ್ಕೆಂದು 1907ರಲ್ಲಿ ಕೂನೂರಿನಲ್ಲಿ ಪಾಶ್ಚರ್ ಸಂಸ್ಥೆ ಸ್ಥಾಪನೆಯಾಯಿತು. ತಡೆಯುವ ವಿದ್ಯೆ ಕೈಯಲ್ಲಿದ್ದು ಇಷ್ಟು ವರ್ಷಗಳಾದರೂ ಜನ ಸಾಯುತ್ತಿರುವುದೇ ದುಃಖದ ವಿಷಯ. 2022 ಮತ್ತು 2023ರಲ್ಲಿ ನಮ್ಮ ದೇಶದ 15 ರಾಜ್ಯಗಳ 60 ಜಿಲ್ಲೆಗಳಲ್ಲಿ ಮನೆಮನೆ ವಿಚಾರಿಸಿ ಲೆಕ್ಕ ಹಾಕಿದಾಗ, ಭಾರತದಲ್ಲಿ ವರ್ಷಕ್ಕೆ ಸುಮಾರು 91 ಲಕ್ಷ ಪ್ರಾಣಿಕಡಿತಗಳಾಗುತ್ತವೆಂದೂ ಸುಮಾರು 5,700 ಮಂದಿ ರೇಬೀಸ್‌ನಿಂದ ಸಾಯುತ್ತಾರೆಂದೂ ಅಂದಾಜಾಯಿತು. ಕಡಿತಗಳಲ್ಲಿ ಮುಕ್ಕಾಲು ಪಾಲು ನಾಯಿಯವು. ಕಚ್ಚಿಸಿಕೊಂಡವರಲ್ಲಿ ಐದರಲ್ಲೊಬ್ಬರು ಒಂದೇ ಒಂದು ಚುಚ್ಚುಮದ್ದನ್ನೂ ತೆಗೆದುಕೊಂಡಿರಲಿಲ್ಲ.

ನಾಯಿಯಲ್ಲಿ, ದನದಲ್ಲಿ ಲಕ್ಷಣಗಳು

ಹುಚ್ಚು ಹಿಡಿದ ನಾಯಿ ಎರಡು ಬಗೆ. ಒಂದು ಉಗ್ರ ಬಗೆ. ನಾಯಿಯ ನಡತೆ ಇದ್ದಕ್ಕಿದ್ದಂತೆ ಬದಲಾಗುತ್ತದೆ. ಮನೆಯವರ ಗುರುತು ಹಿಡಿಯದು. ಕಲ್ಲು, ಕಡ್ಡಿ, ಸರಪಳಿ ಏನು ಸಿಕ್ಕಿದರೂ ಕಚ್ಚುತ್ತದೆ. ಬೊಗಳುವ ದನಿ ಒಡೆದು ಗೊಗ್ಗರವಾಗುತ್ತದೆ. ಗುರಿಯಿಲ್ಲದೆ ಮೈಲುಗಟ್ಟಲೆ ಓಡಿ, ದಾರಿಯಲ್ಲಿ ಸಿಕ್ಕ ನಾಯಿ, ದನ, ಮನುಷ್ಯರನ್ನು ಕಚ್ಚುತ್ತ ಹೋಗುತ್ತದೆ. ಇನ್ನೊಂದು ಮೂಕ ಬಗೆ. ಇದನ್ನು ಜನ ಗುರುತಿಸುವುದು ಕಡಿಮೆ. ನಾಯಿ ಕತ್ತಲೆ ಮೂಲೆ ಸೇರಿ ಮಲಗುತ್ತದೆ, ಕೆಳದವಡೆ ಜೋತು ಬಿದ್ದು ಜೊಲ್ಲು ಸುರಿಯುತ್ತದೆ, ಹಿಂಗಾಲು ಎಳೆಯುತ್ತದೆ. "ಪಾಪ, ಮೂಳೆ ಸಿಕ್ಕಿಕೊಂಡಿದೆ" ಎಂದು ಕನಿಕರದಿಂದ ಬಾಯಿಗೆ ಕೈಹಾಕುವವರು ಅಪಾಯಕ್ಕೆ ಕೈಹಾಕಿದಂತೆ. ಯಾವ ಬಗೆಯಾದರೂ ಲಕ್ಷಣ ಕಂಡ ನಾಯಿ ಹತ್ತು ದಿನದೊಳಗೆ ಸಾಯುತ್ತದೆ.

ಇನ್ನು ದನದ ಮಾತು. ಹುಚ್ಚುನಾಯಿ ಮಂದೆಗೆ ನುಗ್ಗಿದರೆ ಯಾವ ದನಕ್ಕೆ ಕಚ್ಚಿತೆಂಬುದು ಎಷ್ಟೋ ಸಲ ನಮಗೆ ಕಾಣುವುದಿಲ್ಲ. ರೋಮದೊಳಗೆ ಸಣ್ಣ ಗಾಯ ಮುಚ್ಚಿಹೋಗುತ್ತದೆ. ಕೆಲವು ವಾರ ಕಳೆದ ಮೇಲೆ ಹಸು ಮೇವು ಬಿಡುತ್ತದೆ, ಹಾಲು ಇಳಿಸುತ್ತದೆ, ಒಂದೇ ಸಮನೆ ವಿಕಾರವಾಗಿ ಕೂಗುತ್ತದೆ, ಜೊಲ್ಲು ಸುರಿಸುತ್ತದೆ. ಬೆದೆಗೆ ಬಂದಂತೆ ಆಡುವುದೂ ಉಂಟು. ಮತ್ತೆ ಮತ್ತೆ ಮುಕ್ಕುತ್ತದೆ, ಹಿಂಗಾಲು ಸೋತು ಬೀಳುತ್ತದೆ. ನುಂಗಲಾಗದೆ ಒದ್ದಾಡುವುದನ್ನು ಕಂಡು ಗಂಟಲಿನಲ್ಲಿ ಏನೋ ಸಿಕ್ಕಿಕೊಂಡಿದೆಯೆಂದು ರೈತನು ಮೊಣಕೈವರೆಗೆ ಕೈ ಹಾಕಿ ನೋಡುತ್ತಾನೆ. ಗೊಟ್ಟದಲ್ಲಿ ಔಷಧಿ ಕುಡಿಸುತ್ತಾನೆ. ನಾನು ಎಲ್ಲಕ್ಕಿಂತ ಒತ್ತಿ ಹೇಳುವ ಮಾತುಗಳಲ್ಲಿ ಇದೊಂದು: ಜೊಲ್ಲು ಸುರಿಸಿ ನುಂಗಲಾರದ ದನದ ಬಾಯಿಗೆ ಬರಿಗೈ ಹಾಕಕೂಡದು. ಮೊದಲು ಅದನ್ನು ಬೇರೆ ಕಟ್ಟಿ, ಆಮೇಲೆ ಪಶುವೈದ್ಯರಿಗೆ ಹೇಳಿಕಳಿಸಿ. 1962 ಎಂಬ ಸಂಖ್ಯೆಗೆ ದೂರವಾಣಿ ಮಾಡಿದರೆ ಸಂಚಾರಿ ಪಶುಚಿಕಿತ್ಸಾ ವಾಹನವನ್ನು ಕರೆಸಬಹುದು.

ಅಂಥ ಹಸುವಿನ ಹಾಲನ್ನು ಕಾಯಿಸಿ ಕುಡಿದವರು ಗಾಬರಿಪಡಬೇಕಾಗಿಲ್ಲ. ಕುದಿಯುವ ಬಿಸಿಗೆ ವೈರಾಣು ಉಳಿಯದು. ಹಸಿ ಹಾಲು ಕುಡಿದವರು, ಬಾಯಿಗೆ ಕೈ ಹಾಕಿದವರು, ಜೊಲ್ಲು ತಾಗಿದ ಗಾಯವಿದ್ದವರು ವೈದ್ಯರನ್ನು ಕಾಣಬೇಕು. ರೋಗ ತಿಳಿದ ಮೇಲೆ ಆ ಹಸುವಿನ ಹಾಲನ್ನು ಕರೆಯುವುದೂ ಬೇಡ, ಡೇರಿಗೆ ಹಾಕುವುದೂ ಬೇಡ. ಸತ್ತ ದನದ ಚರ್ಮ ಸುಲಿಯಬಾರದು. ಆಳವಾದ ಗುಂಡಿಯಲ್ಲಿ ಹೂಳಬೇಕು. ರೋಗ ಹೌದೋ ಅಲ್ಲವೋ ಎಂದು ತಿಳಿಯಬೇಕಾದರೆ ಪಶುವೈದ್ಯರ ಮೂಲಕ ಮಿದುಳಿನ ಮಾದರಿಯನ್ನು ಬೆಂಗಳೂರಿನ ಹೆಬ್ಬಾಳದ ಪಶುವೈದ್ಯ ಕಾಲೇಜಿನ ಪ್ರಯೋಗಶಾಲೆಗೆ ಕಳಿಸಿ ಪರೀಕ್ಷೆ ಮಾಡಿಸಬಹುದು. ನಾಯಿ ಕಚ್ಚಿದ್ದು ಕಣ್ಣಾರೆ ಕಂಡಿದ್ದರೆ ಲಕ್ಷಣ ಬರುವವರೆಗೆ ಕಾಯದೆ ಅದೇ ದಿನ ದನದ ಗಾಯವನ್ನೂ ಸಾಬೂನು ನೀರಿನಲ್ಲಿ ತೊಳೆದು ಲಸಿಕೆ ಆರಂಭಿಸಬೇಕು. ತೊಳೆಯುವವರ ಕೈಗೆ ಕೈಚೀಲವಿರಲಿ. ದನಕ್ಕೂ ಒಂದೇ ಚುಚ್ಚುಮದ್ದು ಸಾಲದು; ಪಶುವೈದ್ಯರು ಹೇಳಿದ ದಿನಗಳಲ್ಲೆಲ್ಲ ಹಾಕಿಸಬೇಕು.

ಕಚ್ಚಿದ ಕೂಡಲೇ ಮಾಡಬೇಕಾದ್ದು

ನಾಯಿ ಕಚ್ಚಿದರೆ ನಮ್ಮಲ್ಲಿ ಗಾಯಕ್ಕೆ ಸುಣ್ಣ ಹಚ್ಚುವವರಿದ್ದಾರೆ, ಖಾರದಪುಡಿ ತುಂಬುವವರಿದ್ದಾರೆ, ಸೀಮೆಎಣ್ಣೆ ಸುರಿಯುವವರಿದ್ದಾರೆ, ಅರಿಸಿನ ಮೆತ್ತಿ ಬಟ್ಟೆ ಕಟ್ಟುವವರಿದ್ದಾರೆ. ಯಂತ್ರ ಕಟ್ಟಿಸಿ ಸುಮ್ಮನಾಗುವವರೂ ಇದ್ದಾರೆ. ಹತ್ತು ಸಲ ನಾಟಿ ಮದ್ದಿಗೆ ಗುಣವಾಯಿತೆಂದು ಹೇಳುವುದನ್ನು ನೀವು ಕೇಳಿದ್ದೀರಿ. ಕಚ್ಚಿದ ಎಲ್ಲ ನಾಯಿಗೂ ಹುಚ್ಚು ಇರುವುದಿಲ್ಲ. ಆ ಹತ್ತು ನಾಯಿಗಳಿಗೆ ಹುಚ್ಚು ಇರಲಿಲ್ಲ, ಮದ್ದಿಗೆ ಹೆಸರು ಬಂತು. ಹನ್ನೊಂದನೆಯ ನಾಯಿಗೆ ಹುಚ್ಚು ಇದ್ದರೆ ಆ ಮದ್ದು ಕಾಪಾಡುವುದಿಲ್ಲ. ಹೋದ ಜೀವ ಮತ್ತೆ ಬಾರದು.

ಕಚ್ಚಿದ ಕೂಡಲೇ ಮಾಡಬೇಕಾದ ಕೆಲಸ ಬಹಳ ಸರಳ. ಹರಿಯುವ ನೀರಿನ ಕೆಳಗೆ ಗಾಯವನ್ನು ಹಿಡಿದು, ಸಾಬೂನು ಹಚ್ಚಿ, ಪೂರಾ 15 ನಿಮಿಷ ತೊಳೆಯಬೇಕು. ನಲ್ಲಿಯಿರಲಿ, ಪಂಪ್‌ಸೆಟ್ಟಿನ ನೀರಿರಲಿ, ಕೊಡದಿಂದ ಸುರಿದ ನೀರಿರಲಿ. ಬಟ್ಟೆ ಒಗೆಯುವ ಸಾಬೂನೂ ಆಗುತ್ತದೆ. ಈ ವೈರಾಣುವಿಗೆ ಕೊಬ್ಬಿನ ಹೊದಿಕೆಯಿದೆ. ಸಾಬೂನು ಆ ಹೊದಿಕೆಯನ್ನು ಕರಗಿಸಿ ಅದನ್ನು ಕೊಲ್ಲುತ್ತದೆ. ಒಂದೂವರೆ ರೂಪಾಯಿಯಷ್ಟು ಸಾಬೂನು ಸವೆದರೆ ಅರ್ಧ ಅಪಾಯ ಅಲ್ಲೇ ಕಳೆದಂತೆ ಎಂದು ತಿಳಿಯಿರಿ. ತೊಳೆದ ಮೇಲೆ ಟಿಂಕ್ಚರ್ ಅಯೋಡಿನ್ ಅಥವಾ ಅಂಥ ಔಷಧಿ ಸಿಕ್ಕರೆ ಹಚ್ಚಬಹುದು. ಗಾಯಕ್ಕೆ ಬಿಗಿಯಾಗಿ ಪಟ್ಟಿ ಕಟ್ಟಬೇಡಿ, ಹೊಲಿಗೆಗೆ ಅವಸರಪಡಬೇಡಿ.

ಅಲ್ಲಿಂದ ನೇರ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಈ ಲಸಿಕೆಯನ್ನು ಉಚಿತವಾಗಿ ಕೊಡುತ್ತಾರೆ. ಹೊಕ್ಕುಳ ಸುತ್ತ 14 ಚುಚ್ಚುಮದ್ದು ಹಾಕುತ್ತಾರೆಂದು ಇನ್ನೂ ಹೆದರುವವರಿದ್ದಾರೆ. ಅದು ಕುರಿಯ ಮಿದುಳಿನಿಂದ ತಯಾರಿಸುತ್ತಿದ್ದ ಹಳೆಯ ಲಸಿಕೆಯ ಕಾಲದ ಮಾತು. ಅದರ ತಯಾರಿಕೆ ನಮ್ಮ ದೇಶದಲ್ಲಿ 2004ರ ಕೊನೆಗೆ ನಿಂತುಹೋಯಿತು. ಇಂದಿನ ಚುಚ್ಚುಮದ್ದು ತೋಳಿಗೆ. ಚರ್ಮದ ಪದರದಲ್ಲಿ ಕೊಡುವುದಾದರೆ ಮೊದಲ ದಿನ, ಆಮೇಲೆ 3, 7 ಮತ್ತು 28ನೆಯ ದಿನ. ಸ್ನಾಯುವಿಗೆ ಕೊಡುವುದಾದರೆ 14ನೆಯ ದಿನವೂ ಸೇರುತ್ತದೆ. ಮೊದಲ ದಿನವನ್ನು ಸೊನ್ನೆಯೆಂದು ಎಣಿಸುವುದು ಆಸ್ಪತ್ರೆಯ ಪದ್ಧತಿ. ಆದುದರಿಂದ ಮುಂದಿನ ತಾರೀಖುಗಳನ್ನು ಚೀಟಿಯ ಮೇಲೆ ಬರೆಸಿಕೊಂಡು ಬನ್ನಿ. ಗರ್ಭಿಣಿಯರಿಗೂ ಬಾಣಂತಿಯರಿಗೂ ಎಳೆಮಕ್ಕಳಿಗೂ ಈ ಲಸಿಕೆ ಕೊಡಬಹುದು. ಪಥ್ಯವಿಲ್ಲ.

ಚರ್ಮ ಹರಿದು ರಕ್ತ ಬಂದ ಕಡಿತಕ್ಕೆ ಲಸಿಕೆಯೊಂದೇ ಸಾಲದು. ಲಸಿಕೆ ದೇಹದಲ್ಲಿ ಬಲ ಹುಟ್ಟಿಸಲು ಕೆಲವು ದಿನ ಬೇಕು. ಅಷ್ಟರವರೆಗೆ ಕಾವಲಿರಲೆಂದು ಇಮ್ಯುನೋಗ್ಲೋಬ್ಯುಲಿನ್ ಎಂಬ ಸಿದ್ಧ ಔಷಧಿಯನ್ನು ಗಾಯದ ಒಳಗೂ ಸುತ್ತಲೂ ಚುಚ್ಚುತ್ತಾರೆ. ಇದು ಸಣ್ಣ ಕೇಂದ್ರದಲ್ಲಿ ಇಲ್ಲದಿದ್ದರೆ ತಾಲ್ಲೂಕು ಆಸ್ಪತ್ರೆಗೋ ಜಿಲ್ಲಾ ಆಸ್ಪತ್ರೆಗೋ ಬರೆದುಕೊಡುತ್ತಾರೆ. ಅಂದೇ ಹೋಗಿ. "ಕೆಲಸ ಮುಗಿಸಿ ನಾಳಿದ್ದು ಹೋಗೋಣ" ಎನ್ನಬೇಡಿ. ಗಾಯ ಮಾದ ಮೇಲೆ ಚುಚ್ಚುಮದ್ದು ಬಿಡುವುದೂ ಅಷ್ಟೇ ಅಪಾಯ. ಕಳೆ ತೆಗೆಯುವ ಕಾಲವೆಂದು 28ನೆಯ ದಿನದ ಮದ್ದನ್ನು ತಪ್ಪಿಸಬೇಡಿ.

ಕಚ್ಚಿದ ನಾಯಿಯನ್ನು ಅಲ್ಲೇ ಹೊಡೆದು ಕೊಲ್ಲುವುದು ವಾಡಿಕೆ. ಅದು ಬೇಡ. ಸಾಧ್ಯವಾದರೆ ದೂರದಿಂದಲೇ 10 ದಿನ ಅದರ ಮೇಲೆ ಕಣ್ಣಿಡಿ. ಹತ್ತು ದಿನವೂ ಅದು ಆರೋಗ್ಯವಾಗಿದ್ದರೆ ಕಚ್ಚಿದಾಗ ಅದರ ಜೊಲ್ಲಿನಲ್ಲಿ ರೋಗವಿರಲಿಲ್ಲವೆಂದು ತಿಳಿಯುತ್ತದೆ. ಮುಂದಿನ ಚುಚ್ಚುಮದ್ದಿನ ವಿಷಯ ವೈದ್ಯರು ಹೇಳುತ್ತಾರೆ. ಆದರೆ ನಾಯಿ ಏನಾಗುವುದೋ ನೋಡೋಣವೆಂದು ಚುಚ್ಚುಮದ್ದನ್ನು ತಡಮಾಡಕೂಡದು. ಚುಚ್ಚುಮದ್ದು ಮೊದಲು, ಕಾವಲು ಆಮೇಲೆ.

ಕೊಂದರೆ ರೋಗ ಹೋಗುವುದಿಲ್ಲ

ಈಗ ಮೊದಲೆತ್ತಿದ ಪ್ರಶ್ನೆಗೆ ಬರೋಣ. ನಾಯಿಗಳನ್ನೆಲ್ಲ ಕೊಂದರೆ ಏಕೆ ಆಗದು?

ಹೊಲದಲ್ಲಿ ಗರಿಕೆಯನ್ನು ಮೇಲಿಂದ ಕೊಯ್ದು ನೋಡಿದ್ದೀರಿ. ಒಂದು ಮಳೆಗೆ ಮತ್ತೆ ಚಿಗುರುತ್ತದೆ. ಊರಿನಲ್ಲಿ ತಿನ್ನಲು ಸಿಗುವವರೆಗೆ, ಸತ್ತ ನಾಯಿಯ ಜಾಗಕ್ಕೆ ಇನ್ನೊಂದು ಬಂದೇ ಬರುತ್ತದೆ. ಪಕ್ಕದ ಊರಿನಿಂದ ಬರುತ್ತದೆ, ಉಳಿದ ಹೆಣ್ಣುನಾಯಿ ಹಾಕಿದ ಮರಿಗಳು ಹೆಚ್ಚು ಬದುಕುತ್ತವೆ, ಕಾವಲಿಗೆಂದು ರೈತನೇ ಹೊಸ ಮರಿ ತರುತ್ತಾನೆ. ಹೀಗೆ ಬಂದವು ಲಸಿಕೆ ಕಾಣದ ನಾಯಿಗಳು. ವಿಷದ ಉಂಡೆ ತಿಂದು ಸಾಯುವುದಾದರೂ ಯಾವ ನಾಯಿ? ಮನುಷ್ಯರು ಹಾಕಿದ್ದನ್ನು ನಂಬಿ ತಿನ್ನುವ ಸಾಧು ನಾಯಿ. ಅದೇ ಲಸಿಕೆ ಹಾಕಿಸಿಕೊಳ್ಳಲು ಕೈಗೆ ಸಿಗುವ ನಾಯಿ. ವಿಷದ ಮಾಂಸ ಕರುವಿನ ಬಾಯಿಗೂ ಮಗುವಿನ ಕೈಗೂ ಸಿಗಬಹುದೆಂಬುದು ಬೇರೆ ಮಾತು. ಅದು ಕಾನೂನಿಗೂ ವಿರುದ್ಧ.

ಇಂಡೋನೇಷ್ಯದ ಬಾಲಿ ದ್ವೀಪದಲ್ಲಿ ನಡೆದದ್ದನ್ನು ಕೇಳಿ. 2008ರವರೆಗೆ ಅಲ್ಲಿ ರೇಬೀಸ್ ಇರಲಿಲ್ಲ. ಆ ವರ್ಷ ಕಾಣಿಸಿಕೊಂಡಾಗ ಬಹಳಷ್ಟು ನಾಯಿಗಳನ್ನು ಕೊಂದರು. ಜನ ತಮ್ಮ ನಾಯಿಗಳನ್ನು ಉಳಿಸಿಕೊಳ್ಳಲು ಬೇರೆ ಊರಿಗೆ ಸಾಗಿಸಿದರು. ಹೋದ ನಾಯಿಯ ಬದಲು ಮರಿ ತಂದುಕೊಂಡರು. ರೋಗವೂ ಅವುಗಳ ಜೊತೆ ಪ್ರಯಾಣ ಮಾಡಿತು. ಎರಡು ವರ್ಷದೊಳಗೆ ದ್ವೀಪದ ಎಲ್ಲ ಜಿಲ್ಲೆಗಳಿಗೂ ಹಬ್ಬಿತು. 2010ರಲ್ಲಿ ದ್ವೀಪದ ಎಲ್ಲ ಕಡೆ ನಾಯಿಗಳಿಗೆ ಲಸಿಕೆ ಹಾಕಲು ಆರಂಭಿಸಿದ ಮೇಲೆಯೇ ಸಾವುಗಳು ಇಳಿದವು.

ನೂರಕ್ಕೆ ಎಪ್ಪತ್ತರ ಲೆಕ್ಕ

ಹಾಗಾದರೆ ಎಷ್ಟು ನಾಯಿಗಳಿಗೆ ಲಸಿಕೆ ಹಾಕಬೇಕು? ನೂರಕ್ಕೆ 70. ಇದು ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಲೆಕ್ಕ. ಇದರ ಹಿಂದಿನ ತರ್ಕವನ್ನು ರೈತರಾದ ನೀವು ಸುಲಭವಾಗಿ ಹಿಡಿಯಬಲ್ಲಿರಿ. ಹುಲ್ಲಿನ ಬಣವೆಗಳನ್ನು ಒಂದಕ್ಕೊಂದು ತಾಗಿಸಿ ಒಟ್ಟುವುದಿಲ್ಲ. ನಡುವೆ ಜಾಗ ಬಿಡುತ್ತೀರಿ. ಒಂದಕ್ಕೆ ಬೆಂಕಿ ಬಿದ್ದರೆ ಇನ್ನೊಂದಕ್ಕೆ ಹಾರದಿರಲೆಂದು. ಲಸಿಕೆ ಹಾಕಿದ ನಾಯಿ ಆ ಬಿಟ್ಟ ಜಾಗವಿದ್ದಂತೆ. ಹುಚ್ಚುನಾಯಿಯೊಂದು ಸಾಯುವ ಮೊದಲು ಸರಾಸರಿ ಒಂದು ಅಥವಾ ಎರಡು ನಾಯಿಗಳಿಗೆ ರೋಗ ದಾಟಿಸುತ್ತದೆ. ಅದು ಕಚ್ಚಿದ ನಾಯಿಗಳಲ್ಲಿ ಬಹುಪಾಲು ಲಸಿಕೆ ಹಾಕಿಸಿಕೊಂಡವಾದರೆ ರೋಗ ಮುಂದಕ್ಕೆ ಹಾರಲಾರದೆ ಅಲ್ಲೇ ಆರಿಹೋಗುತ್ತದೆ.

ಒಂದು ಊರಿನಲ್ಲಿ 100 ನಾಯಿಗಳಿವೆ ಎಂದಿಟ್ಟುಕೊಳ್ಳಿ. ಇಂದು 70ಕ್ಕೆ ಲಸಿಕೆ ಹಾಕಿದಿರಿ. ಹಳ್ಳಿಯ ನಾಯಿಯ ಆಯುಸ್ಸು ಕಡಿಮೆ. ವರ್ಷದಲ್ಲಿ ಮೂರರಲ್ಲೊಂದು ಪಾಲು ಸತ್ತು, ಅವುಗಳ ಜಾಗಕ್ಕೆ ಮರಿಗಳು ಬಂದವೆನ್ನೋಣ. ವರ್ಷದ ಕೊನೆಗೆ ಲಸಿಕೆಯಿರುವ ನಾಯಿಗಳು 47 ಉಳಿದವು. ಸುಮಾರು ಅರ್ಧ ಊರಿಗೆ ಕಾವಲಿದೆ. ಮೊದಲೇ 40ಕ್ಕೆ ಮಾತ್ರ ಹಾಕಿದ್ದರೆ ಕೊನೆಗೆ ಉಳಿಯುತ್ತಿದ್ದುದು 27. ಕಾವಲು ಮುರಿದುಬಿದ್ದಂತೆ. ಇದರಿಂದ ಎರಡು ಮಾತು ತಿಳಿಯುತ್ತದೆ. ಅರೆಬರೆ ಕೆಲಸ ನಿಲ್ಲದು; ಪ್ರತಿವರ್ಷ ಮಾಡದಿದ್ದರೆ ಹಿಂದಿನ ವರ್ಷದ ಶ್ರಮವೂ ನೀರಿನಲ್ಲಿ ಹೋಮ.

ಇದು ಕಾಗದದ ಲೆಕ್ಕವಲ್ಲ. ನಮ್ಮ ಕಾರವಾರ, ಜೋಯಿಡಾ, ಖಾನಾಪುರ ತಾಲ್ಲೂಕುಗಳಿಗೆ ಅಂಟಿಕೊಂಡಿರುವ ಗೋವಾ ರಾಜ್ಯವನ್ನು ನೋಡಿ. ಅಲ್ಲಿ 2014ರಿಂದ ಸರ್ಕಾರವೂ ಮಿಷನ್ ರೇಬೀಸ್ ಎಂಬ ಸಂಸ್ಥೆಯೂ ಕೂಡಿ ಊರೂರಿಗೆ ಹೋಗಿ ನಾಯಿಗಳಿಗೆ ಲಸಿಕೆ ಹಾಕಿದವು. ಕೈಗೆ ಸಿಗದ ನಾಯಿಗಳನ್ನು ಬಲೆಯಿಂದ ಹಿಡಿದರು. ಹಿಡಿದು ಚುಚ್ಚಿ, ಬಣ್ಣದ ಗುರುತು ಹಾಕಿ ಅಲ್ಲೇ ಬಿಟ್ಟರು. ಶಾಲೆಗಳಿಗೆ ಹೋಗಿ ಮಕ್ಕಳಿಗೆ ತಿಳಿಹೇಳಿದರು. ಅನುಮಾನದ ನಾಯಿಯ ಸುದ್ದಿ ಬಂದರೆ ಕೂಡಲೇ ತಂಡ ಹೊರಡುತ್ತಿತ್ತು. ಕ್ರಮೇಣ ವರ್ಷಕ್ಕೆ ಸುಮಾರು 95,000 ನಾಯಿಗಳಿಗೆ ಲಸಿಕೆ ಬೀಳುವಂತಾಯಿತು. ನಾಯಿಗಳಲ್ಲಿ ರೋಗ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಇಳಿಯಿತು. ಮೂರು ವರ್ಷ ಸತತವಾಗಿ ಮನುಷ್ಯರಲ್ಲಿ ರೇಬೀಸ್ ಸಾವು ಕಾಣಲಿಲ್ಲ. 2021ರ ಜೂನ್ ತಿಂಗಳಲ್ಲಿ ಗೋವಾವನ್ನು ರೇಬೀಸ್ ನಿಯಂತ್ರಿತ ರಾಜ್ಯವೆಂದು ಸಾರಿದರು. ಅದೇ ವರ್ಷದ ಸೆಪ್ಟೆಂಬರ್ 28ರಂದು ಭಾರತ ಸರ್ಕಾರವು, ನಾಯಿಯಿಂದ ಬರುವ ರೇಬೀಸನ್ನು 2030ರೊಳಗೆ ತೊಲಗಿಸುವ ರಾಷ್ಟ್ರೀಯ ಯೋಜನೆಯನ್ನು ಪ್ರಕಟಿಸಿತು. ಆದರೆ ಯೋಜನೆ ದೆಹಲಿಯಲ್ಲಿ ಬರೆದರೂ ಚುಚ್ಚುಮದ್ದು ಬೀಳಬೇಕಾದದ್ದು ನಮ್ಮ ನಿಮ್ಮ ಬೀದಿಯಲ್ಲಿ.

ಊರಿನಲ್ಲಿ ಮಾಡುವ ಬಗೆ

"ಅವು ಯಾರ ನಾಯಿಗಳೂ ಅಲ್ಲ, ಹಿಡಿಯುವವರಾರು?" ಎಂದು ನೀವು ಕೇಳಬಹುದು. ಹಳ್ಳಿಯ ನಾಯಿಗಳನ್ನು ಬಿಡಿಬಿಡಿಯಾಗಿ ನೋಡಿದರೆ, ಬಹುಪಾಲು ನಾಯಿಗಳಿಗೆ ಒಂದು ಮನೆಯಿದೆ. ಕಟ್ಟಿಹಾಕದಿರಬಹುದು, ಕೊರಳಿಗೆ ಪಟ್ಟಿ ಇಲ್ಲದಿರಬಹುದು. ಆದರೆ ಯಾರ ಮನೆಯ ಮುಂದೆ ಮುದ್ದೆಯ ತುಂಡಿಗೆ ಕಾಯುತ್ತದೆ, ಯಾರ ಕಣ ಕಾಯುತ್ತದೆ, ಯಾವ ಕುರಿಹಟ್ಟಿಯ ಹಿಂದೆ ಹೋಗುತ್ತದೆ ಎಂಬುದು ಊರಿಗೆಲ್ಲ ಗೊತ್ತು. ಆ ಮನೆಯವರು ಕರೆದರೆ ಬರುತ್ತದೆ. ಅವರೇ ಹಿಡಿದುಕೊಟ್ಟರೆ ಲಸಿಕೆ ಹಾಕಲು ಒಂದು ನಿಮಿಷ ಸಾಕು.

ಮೊದಲು ಎಣಿಕೆ. ಶಾಲೆಯ ಮೇಲಿನ ತರಗತಿಯ ಮಕ್ಕಳು, ಸ್ತ್ರೀಶಕ್ತಿ ಸಂಘದವರು, ಆಶಾ ಕಾರ್ಯಕರ್ತೆಯರು ಕೂಡಿ ಬೀದಿಬೀದಿಯ ಪಟ್ಟಿ ಮಾಡಲಿ. ಮಕ್ಕಳು ನಾಯಿಯನ್ನು ಮುಟ್ಟುವುದು ಬೇಡ. ನೋಡಿ ಬರೆದರೆ ಸಾಕು. ಯಾವ ಮನೆ, ಎಷ್ಟು ನಾಯಿ, ಗಂಡೆಷ್ಟು, ಹೆಣ್ಣೆಷ್ಟು, ಮರಿಯೆಷ್ಟು, ಕೈಗೆ ಸಿಗುವುದೋ ಇಲ್ಲವೋ ಇಷ್ಟು ಬರೆದುಕೊಳ್ಳಲಿ. ತೋಟದ ಮನೆಗಳನ್ನೂ ಕುರಿಹಟ್ಟಿಗಳನ್ನೂ ಮರೆಯಬಾರದು.

ಆಮೇಲೆ ದಿನ ಗೊತ್ತುಮಾಡಿ. ಮಳೆಗಾಲದ ಕೊನೆಯಲ್ಲಿ ನಾಯಿಗಳು ಕೂಡುವುದರಿಂದ ಮರಿಗಳು ಬಹುತೇಕ ಚಳಿಗಾಲದಲ್ಲಿ ಹುಟ್ಟುತ್ತವೆ. ಸುಗ್ಗಿ ಮುಗಿದು ಕೈ ಬಿಡುವಾದ ಹೊತ್ತಿಗೆ ಮರಿಗಳೂ ಹೊರಗೆ ಓಡಾಡುತ್ತಿರುತ್ತವೆ. ಆಗ ಮಾಡಿದರೆ ಹಳೆಯವೂ ಹೊಸವೂ ಒಟ್ಟಿಗೆ ಸಿಗುತ್ತವೆ. "ಮರಿ ಚಿಕ್ಕದು, ಮುಂದಿನ ವರ್ಷ ನೋಡೋಣ" ಎಂದು ಬಿಡಬೇಡಿ. ಸಾಮೂಹಿಕ ಲಸಿಕೆಯ ದಿನ ಮರಿಗಳಿಗೂ ಹಾಕಿಸಬೇಕು. ಮಕ್ಕಳು ಎತ್ತಿ ಆಡಿಸುವುದು ಮರಿಗಳನ್ನೇ ಅಲ್ಲವೇ? ಮನೆಯಲ್ಲಿ ಸಾಕುವ ಮರಿಗೆ ಮೂರು ತಿಂಗಳು ತುಂಬಿದಾಗ ಹಾಕಿಸಿ, ಪಶುವೈದ್ಯರು ಹೇಳಿದಾಗ ಇನ್ನೊಮ್ಮೆ ಹಾಕಿಸಿ, ಆಮೇಲೆ ವರ್ಷಕ್ಕೊಮ್ಮೆ ಹಾಕಿಸಬೇಕು.

ಹಿಂದಿನ ಸಂಜೆ ಡಂಗುರ ಹೊಡೆಸಿ, ಧ್ವನಿವರ್ಧಕದಲ್ಲಿ ಕೂಗಿಸಿ. ಬೆಳಗ್ಗೆ ಬೇಗನೆ, ಬಿಸಿಲೇರುವ ಮುಂಚೆ, ಪ್ರತಿ ಕೇರಿಯಲ್ಲಿ ಒಂದೊಂದು ಕಡೆ ಸೇರಲಿ. ಊರಿಗೆಲ್ಲ ಒಂದೇ ಜಾಗ ಮಾಡಿದರೆ ದೂರದ ಕೇರಿಯವರು ಬರುವುದಿಲ್ಲ. ನಾಯಿಗಳೂ ಒಂದಕ್ಕೊಂದು ಕಾದಾಡುತ್ತವೆ. ನಾಯಿಗೆ ಹಗ್ಗ ಹಾಕಿ ದೊಡ್ಡವರೇ ಹಿಡಿದು ತರಲಿ. ಲಸಿಕೆಯನ್ನು 2ರಿಂದ 8 ಡಿಗ್ರಿ ತಂಪಿನಲ್ಲಿ ಇಡಬೇಕು. ಹಾಲಿನ ಡೇರಿಯಲ್ಲೋ ಬೇರೆಡೆಯೋ ಮಂಜುಗಡ್ಡೆ ಒದಗಿಸುವುದು ಊರವರ ಸಹಾಯ. ಹಾಕಿದ ನಾಯಿಗೆ ಬಣ್ಣದ ಗುರುತು ಹಾಕಿ. ಸಂಜೆ ಒಂದು ಸುತ್ತು ಬಂದು ಗುರುತಿದ್ದವೆಷ್ಟು, ಇಲ್ಲದವೆಷ್ಟು ಎಣಿಸಿ. ಹತ್ತು ನಾಯಿ ಕಂಡರೆ ಏಳಕ್ಕೆ ಗುರುತಿರಬೇಕು. ಕಡಿಮೆಯಾದರೆ ಆ ಕೇರಿಗೆ ಮತ್ತೆ ಹೋಗಬೇಕು. ಕೈಗೆ ಸಿಗದವನ್ನು ಹಿಡಿಯಲು ತರಬೇತಿಯಾದವರೇ ಬಲೆ ತಂದು ಹಿಡಿಯಲಿ. ಹೀಗೆ ನಾಯಿ ಹಿಡಿಯುವವರು ಮುಂಚಿತವಾಗಿಯೇ ರೇಬೀಸ್ ಲಸಿಕೆ ಹಾಕಿಸಿಕೊಂಡಿರಬೇಕು.

ನಮ್ಮೂರೊಂದೇ ಮಾಡಿದರೆ ಸಾಲದು. ನಾಯಿಗೆ ಗಡಿಕಲ್ಲು ತಿಳಿಯದು. ಪಂಚಾಯಿತಿಯ ಎಲ್ಲ ಊರುಗಳೂ, ಅಕ್ಕಪಕ್ಕದ ಪಂಚಾಯಿತಿಗಳೂ ಒಂದೇ ವಾರದಲ್ಲಿ ಮಾಡಿದರೆ ಫಲ ಹೆಚ್ಚು.

ನಾಯಿಗಳ ಸಂಖ್ಯೆಯ ಮಾತು

ಲಸಿಕೆ ರೋಗವನ್ನು ತಡೆಯುತ್ತದೆ, ಸಂಖ್ಯೆಯನ್ನು ಇಳಿಸುವುದಿಲ್ಲ. ಸಂಖ್ಯೆ ಇಳಿಯಬೇಕಾದರೆ ಸಂತಾನಶಕ್ತಿ ಹರಣ ಚಿಕಿತ್ಸೆ ಬೇಕು. 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳ ಪ್ರಕಾರ, ನಾಯಿಗಳನ್ನು ಹಿಡಿದು, ಚಿಕಿತ್ಸೆ ಮಾಡಿ, ಲಸಿಕೆ ಹಾಕಿ, ಹಿಡಿದ ಜಾಗದಲ್ಲೇ ಬಿಡಬೇಕು. ಇದನ್ನು ನಡೆಸುವ ಹೊಣೆ ಸ್ಥಳೀಯ ಸಂಸ್ಥೆಗಳದು. ಇದು ನಿಧಾನದ, ಖರ್ಚಿನ ಕೆಲಸ. ಅದು ಆಗುವವರೆಗೆ ಲಸಿಕೆಯನ್ನು ಕಾಯಿಸಬಾರದು. ಲಸಿಕೆ ಇಂದೇ ಆಗುವ ಕೆಲಸ.

ಆದರೆ ಹಣವಿಲ್ಲದೆಯೂ ಸಂಖ್ಯೆ ಇಳಿಸುವ ಒಂದು ದಾರಿಯಿದೆ. ನಾಯಿ ತಿನ್ನುವುದು ಏನನ್ನು? ಸತ್ತ ದನವನ್ನು ಊರಾಚೆ ಎಸೆದದ್ದನ್ನು, ಕೋಳಿ ಅಂಗಡಿಯ ಕಸವನ್ನು, ಮದುವೆ ಜಾತ್ರೆಯ ಎಂಜಲೆಲೆಯನ್ನು. ಹಿಂದೆ ಹಳ್ಳದ ದಡದಲ್ಲಿ ಸತ್ತ ದನ ಬಿದ್ದರೆ ರಣಹದ್ದುಗಳು ಇಳಿದು ಕೆಲವೇ ಗಂಟೆಗಳಲ್ಲಿ ಮೂಳೆ ಮಾತ್ರ ಉಳಿಸುತ್ತಿದ್ದುದನ್ನು ಹಿರಿಯರು ಕಂಡಿದ್ದೀರಿ. 1990ರ ದಶಕದಿಂದ ಆ ಹದ್ದುಗಳು ಭಾರತದ ತುಂಬ ನಾಶವಾದವು. ದನಗಳಿಗೆ ನೋವಿಗೆಂದು ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ಔಷಧಿ ಸತ್ತ ದನದ ಮಾಂಸದಲ್ಲಿ ಉಳಿದು, ತಿಂದ ಹದ್ದಿನ ಮೂತ್ರಪಿಂಡವನ್ನು ಕೆಡಿಸಿತು. 2006ರಲ್ಲಿ ದನಗಳಿಗೆ ಈ ಔಷಧಿ ಕೊಡುವುದನ್ನು ನಿಷೇಧಿಸಿದರು. ಅಷ್ಟರಲ್ಲಿ ಹದ್ದಿನ ಪಂಕ್ತಿಯಲ್ಲಿ ನಾಯಿ ಬಂದು ಕುಳಿತಿತ್ತು. ಆದುದರಿಂದ ಸತ್ತ ದನವನ್ನು ಎಸೆಯದೆ ಹೂಳುವುದು ದೊಡ್ಡ ಊರಸೇವೆ. ಪಂಚಾಯಿತಿಯವರು ಇದಕ್ಕೊಂದು ಜಾಗ ಬಿಡಿಸಿ, ಗುಂಡಿ ತೋಡಿಸುವ ಏರ್ಪಾಟು ಮಾಡಬೇಕು. ಕೋಳಿ ಅಂಗಡಿಯವರ ಕಸಕ್ಕೆ ಮುಚ್ಚಳದ ಗುಂಡಿ ಬೇಕು. ಇನ್ನೊಂದು ಮಾತು: ಹೆಣ್ಣುಮರಿಗಳನ್ನು ಚೀಲದಲ್ಲಿ ತುಂಬಿ ಬೇರೆ ಊರಿನ ಗಡಿಯಲ್ಲಿ ಬಿಟ್ಟುಬರುವ ಪದ್ಧತಿ ನಿಲ್ಲಬೇಕು. ನಾವು ಅವರೂರಿಗೆ ಬಿಟ್ಟರೆ ಅವರು ನಮ್ಮೂರಿಗೆ ಬಿಡುತ್ತಾರೆ.

ಮಕ್ಕಳಿಗೂ ನಾಲ್ಕು ಮಾತು ಕಲಿಸಿ. ತಿನ್ನುತ್ತಿರುವ, ಮಲಗಿರುವ, ಮರಿ ಹಾಕಿರುವ ನಾಯಿಯ ಹತ್ತಿರ ಹೋಗಬಾರದು. ನಾಯಿ ಅಟ್ಟಿಸಿಕೊಂಡು ಬಂದರೆ ಓಡದೆ ನಿಲ್ಲಬೇಕು. ಕಲ್ಲು ಹೊಡೆಯಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ನಾಯಿ ಪರಚಿದರೂ ಮನೆಯಲ್ಲಿ ಹೇಳಬೇಕು. ಬೈಗುಳಕ್ಕೆ ಹೆದರಿ ಮಗು ಗಾಯವನ್ನು ಮುಚ್ಚಿಟ್ಟರೆ ಅನಾಹುತ. ಹೇಳಿದ ಮಗುವನ್ನು ಹೊಡೆಯಬೇಡಿ. ಎತ್ತಿಕೊಂಡು ನೀರಿನ ಬಳಿಗೆ ಓಡಿ. ಬೆಕ್ಕು, ಕೋತಿ, ನರಿ, ಮುಂಗುಸಿಯ ಕಡಿತಕ್ಕೂ ಇದೇ ಕ್ರಮ.

ನೆನಪಿನಲ್ಲಿಡಬೇಕಾದ ಮಾತುಗಳು

1. ಗಾಯವನ್ನು ಸಾಬೂನು ನೀರಿನಲ್ಲಿ 15 ನಿಮಿಷ ತೊಳೆಯಿರಿ. ಸುಣ್ಣ, ಖಾರ, ಎಣ್ಣೆ ಹಚ್ಚಬೇಡಿ.
2. ಅದೇ ದಿನ ಆಸ್ಪತ್ರೆಗೆ ಹೋಗಿ. ಹೇಳಿದ ಚುಚ್ಚುಮದ್ದುಗಳನ್ನೆಲ್ಲ ಪೂರ್ತಿ ಮಾಡಿ.
3. ಜೊಲ್ಲು ಸುರಿಸುವ ದನದ ಬಾಯಿಗೆ ಬರಿಗೈ ಹಾಕಬೇಡಿ.
4. ನಾಯಿ ಕೊಲ್ಲಬೇಡಿ, ಪ್ರತಿವರ್ಷ ನೂರಕ್ಕೆ 70 ನಾಯಿಗಳಿಗೆ, ಮರಿಗಳಿಗೂ ಸೇರಿಸಿ, ಲಸಿಕೆ ಹಾಕಿಸಿ.
5. ಸತ್ತ ದನವನ್ನೂ ಮಾಂಸದ ಕಸವನ್ನೂ ಹೂಳಿ.

ಬಾಂಧವರೇ, ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರೆ ಫಲವೇನು? ಹುಚ್ಚುನಾಯಿ ಬೀದಿಗೆ ಬಂದ ಮೇಲೆ ಸಭೆ ಸೇರುವುದಕ್ಕಿಂತ, ಬೀದಿ ಶಾಂತವಾಗಿರುವಾಗ ಸೇರುವುದು ಲೇಸು. ಇಂದಿನ ಸಭೆ ಚಪ್ಪಾಳೆಯಿಂದ ಮುಗಿಯುವುದು ಬೇಡ. ಪ್ರತಿ ಊರಿನವರೂ ಮನೆಗೆ ಹೋಗುವ ಮುಂಚೆ ಎರಡು ವಿಷಯ ಗೊತ್ತುಮಾಡಿಕೊಂಡು ಹೋಗಿ: ನಿಮ್ಮೂರಿನ ನಾಯಿಗಳ ಪಟ್ಟಿ ಬರೆಯುವವರು ಯಾರು, ಲಸಿಕೆಯ ದಿನ ಯಾವುದು. ದಿನವನ್ನು ನೀವು ಹೇಳಿ. ಲಸಿಕೆಯ ಪೆಟ್ಟಿಗೆ ಹೊತ್ತು ನಾವು ಬರುತ್ತೇವೆ. ನಾಯಿಯನ್ನು ಹಿಡಿದುಕೊಡುವ ಕೈ ಮಾತ್ರ ನಿಮ್ಮದಾಗಿರಬೇಕು.